ಸಂಜೆ ನಾಲ್ಕರೊಳಗೆ ಸಲ್ಲಿಸತಕ್ಕ ಗುರಿಗಳು

ಗೆ,
ಶಿಕ್ಷಕರಿಗೆ ತಂತ್ರಜ್ಞಾನದ ಗುರಿ ನಿಗದಿಪಡಿಸುವ ಎಲ್ಲ ಮಾನ್ಯರಿಗೆ

ವಿಷಯ: ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಸರ್ಕಾರಿ ಶಾಲಾ ಶಿಕ್ಷಕರು ತರಗತಿಯಲ್ಲಿ ತಂತ್ರಜ್ಞಾನ ಬಳಸುವ ವೃತ್ತಿಪರ ಗುರಿಗಳ ಬಗ್ಗೆ.

ಮಾನ್ಯರೆ,

ಶಿಕ್ಷಕರ ವೃತ್ತಿಪರ ಗುರಿ ನಿರ್ದಿಷ್ಟವಾಗಿರಬೇಕು, ಅಳತೆಗೆ ಸಿಗಬೇಕು, ಕಾಲಮಿತಿಯೊಳಗೆ ಮುಗಿಯಬೇಕು. ಕಂಪನಿಗಳ ಮ್ಯಾನೇಜರುಗಳಿಗಾಗಿ ಜಾರ್ಜ್ ಡೋರನ್ 1981ರಲ್ಲಿ ಬರೆದ ‘ಸ್ಮಾರ್ಟ್’ ಸೂತ್ರ ಕಾಲಕ್ರಮೇಣ ಶಾಲೆಯ ಕಡತಕ್ಕೂ ಬಂದು ಸೇರಿದೆ. ತುಂಗಭದ್ರೆಯ ಆಸುಪಾಸಿನ ಶಾಲೆಗಳಲ್ಲಿ ಸೂತ್ರದ ಸಕಲ ಲಕ್ಷಣಗಳೂ ಕೂಡಿಬಂದ ಗುರಿ ಒಂದೇ: ‘ಅತಿ ತುರ್ತು. ಇಂದು ಸಂಜೆ 4ರೊಳಗೆ ಮಾಹಿತಿ ಸಲ್ಲಿಸತಕ್ಕದ್ದು.’ ಉಳಿದ ಗುರಿಗಳ ಸ್ಥಿತಿಗತಿ ಈ ಕೆಳಗಿನಂತಿದೆ.

ಮೊದಲನೆಯದು ತರಬೇತಿ. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು. ಪಾಠ ಆಕಾಶದಿಂದಲೇ ಇಳಿಯುವ ಕಾಲ ಬಂತು. ಆಮೇಲೆ ತಂತ್ರಜ್ಞಾನ ಬಳಸಿ ಕಲಿಸಲು ರಾಜ್ಯದ ಟ್ಯಾಲ್ಪ್ ತರಬೇತಿ ಬಂತು, 2017ರಲ್ಲಿ ಡಿಜಿಟಲ್ ಪಾಠಗಳ ದೀಕ್ಷಾ ಜಾಲತಾಣ, 2019ರಲ್ಲಿ ಕೇಂದ್ರದ ನಿಷ್ಠಾ ತರಬೇತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರೊಬ್ಬರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಎಂದಿತು. ಉಪಗ್ರಹಕ್ಕೆ 2010ರಲ್ಲೇ ನಿವೃತ್ತಿ ಸಿಕ್ಕಿತು. ಶಿಕ್ಷಕರಿಗೆ 60 ತುಂಬುವವರೆಗೆ ಆ ಭಾಗ್ಯವಿಲ್ಲ. ತರಬೇತಿಯ ಯಶಸ್ಸಿಗೆ ಪ್ರಮಾಣಪತ್ರವೇ ಅಳತೆಗೋಲು. ವಿಡಿಯೊ ತನ್ನ ಪಾಡಿಗೆ ಓಡುತ್ತಿದ್ದು, ನೋಡಬೇಕಾದವರು ಬಿಸಿಯೂಟದ ಮೊಟ್ಟೆ ಎಣಿಸುತ್ತಿದ್ದರೂ ಪಿಡಿಎಫ್ ಅಷ್ಟೇ ಅಂದವಾಗಿ ಡೌನ್‌ಲೋಡ್ ಆಗುತ್ತದೆ.

ಎರಡನೆಯದು ಪಠ್ಯಪುಸ್ತಕದ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ದೀಕ್ಷಾದಲ್ಲಿ ಪಾಠ ತೆರೆದುಕೊಳ್ಳುತ್ತದೆ. ಸ್ಕ್ಯಾನ್ ಮಾಡಲು ಫೋನು ಬೇಕೆಂಬುದಷ್ಟೇ ಅದರ ಕೊರತೆ. ಕಂಪ್ಲಿಯ ಗದ್ದೆ ಸೀಮೆಯಲ್ಲಿ ಮನೆಗಿರುವ ಒಂದೇ ಫೋನು ನಾಟಿಯ ದಿನಗಳಲ್ಲಿ ಅಪ್ಪನ ಜೇಬಿನಲ್ಲಿ ಕೂತು ಗದ್ದೆಗೆ ಹೋಗುತ್ತದೆ. ಅದು ಮರಳುವ ಹೊತ್ತಿಗೆ ಡೇಟಾ ಮುಗಿದಿರುತ್ತದೆ, ಇಲ್ಲವೇ ಮಗು ಮಲಗಿರುತ್ತದೆ. 2020ರ ಕೊರೊನಾ ಕಾಲದಲ್ಲಿ ಫೋನಿಲ್ಲದ ಮಕ್ಕಳನ್ನೂ ತಲುಪಲೆಂದು ಶಿಕ್ಷಣ ಇಲಾಖೆ ‘ವಿದ್ಯಾಗಮ’ ಆರಂಭಿಸಿ, ಶಿಕ್ಷಕರನ್ನು ಗುಡಿಕಟ್ಟೆಗೂ ಮರದ ನೆರಳಿಗೂ ಕಳಿಸಿತು. ಆಗ ಹೆಚ್ಚು ಕೆಲಸಕ್ಕೆ ಬಂದ ತಂತ್ರಜ್ಞಾನವೆಂದರೆ ಶಿಕ್ಷಕರ ಬೈಕು.

ಮೂರನೆಯದು ಸ್ಮಾರ್ಟ್ ಕ್ಲಾಸ್. ಹೊಸಪೇಟೆಯಿಂದ ಹಂಪಿ ಹದಿಮೂರು ಕಿಲೋಮೀಟರ್ ಆಸುಪಾಸು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಅನುಮತಿ ಪತ್ರ, ಬಸ್ ಬಾಡಿಗೆ, ಪಾಲಕರ ಒಪ್ಪಿಗೆ ಬೇಕು; ಪರದೆಯ ಮೇಲೆ ಕಲ್ಲಿನ ರಥವನ್ನು ತಿರುಗಿಸಿ ತೋರಿಸಿದರೆ ಒಂದು ಜಿಯೋಟ್ಯಾಗ್ ಫೋಟೊ ಸಾಕು. ವಿಜಯನಗರ ಕಾಲದ ತುರ್ತಾ ಕಾಲುವೆ ಹಂಪಿಯ ಬಾಳೆ ತೋಟಗಳಿಗೆ ಇಂದಿಗೂ ನೀರುಣಿಸುತ್ತಿದೆ. ಶತಮಾನಗಳ ಬಳಿಕವೂ ಕೆಲಸ ಮಾಡುತ್ತಿರುವ ಆ ತಂತ್ರಜ್ಞಾನ ಗುರಿಪಟ್ಟಿಯಲ್ಲಿಲ್ಲ, ಏಕೆಂದರೆ ಅದಕ್ಕೆ ಲಾಗಿನ್ ಇಲ್ಲ. ಇನ್ನು ಸಂಡೂರು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಶಿಕ್ಷಣಕ್ಕೂ ಬಳಸಬಹುದು. ಹಾಗಾಗಿ ಅಲ್ಲಿ ಪರದೆಗೆ ಹಣ ಹೊಂದಿಸುವುದು ದೊಡ್ಡ ಮಾತಲ್ಲ. ಪರದೆಯ ಮೇಲೆ ಕೂರುವ ಕೆಂಪು ದೂಳು ಒರೆಸಲು, ಸತ್ತ ಬ್ಯಾಟರಿ ಬದಲಿಸಲು ಲೆಕ್ಕಶೀರ್ಷಿಕೆ ಹುಡುಕುವುದೇ ದೊಡ್ಡ ಮಾತು. ಉದ್ಘಾಟನೆಗೆ ರಿಬ್ಬನ್ನು ಸಿಗುತ್ತದೆ, ದುರಸ್ತಿಗೆ ಯಾರೂ ರಿಬ್ಬನ್ನು ಕತ್ತರಿಸುವುದಿಲ್ಲ.

ನಾಲ್ಕನೆಯ ಗುರಿಯನ್ನು ಯಾವ ಕಡತದಲ್ಲೂ ಬರೆದಿಲ್ಲ, ಶೇಕಡ ನೂರು ಈಡೇರುವುದು ಮಾತ್ರ ಅದೊಂದೇ: ಮಾಹಿತಿ ತುಂಬುವುದು. ವಿದ್ಯಾರ್ಥಿಗಳ ದಾಖಲೆಯ ಜಾಲತಾಣ ಸ್ಯಾಟ್ಸ್‌ನಲ್ಲಿ ಮಗು, ಶಾಲೆಗಳ ದತ್ತಾಂಶದ ಜಾಲತಾಣ ಯುಡೈಸ್‌ನಲ್ಲಿ ಶಾಲೆ. ಹಾಲು, ಮೊಟ್ಟೆ, ಬಿಸಿಯೂಟಕ್ಕೆ ಪ್ರತ್ಯೇಕ ಲೆಕ್ಕ. 2021ರಲ್ಲಿ ಹೊಸಪೇಟೆ, ಹಂಪಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ನಮೂನೆಗಳ ಐಕ್ಯಕ್ಕೆ ಧಕ್ಕೆಯಾಗಲಿಲ್ಲ. ತಾಂಡಾದ ಮಗು ಅಪ್ಪ-ಅಮ್ಮನ ಜೊತೆ ಕಬ್ಬು ಕಡಿಯಲು ಗುಳೆ ಹೋದರೂ ಸ್ಯಾಟ್ಸ್‌ನಲ್ಲಿ ಅದರ ಸಂಖ್ಯೆ ಕ್ಷೇಮವಾಗಿರುತ್ತದೆ.

2025ರ ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಶಿಕ್ಷಕರು ಆ್ಯಪ್ ಹಿಡಿದು ಮನೆಮನೆ ಸುತ್ತಿದರು. ಅದು ಮುಗಿಯಲೆಂದು ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ವಿಸ್ತರಣೆಯಾಯಿತು. ತರಗತಿಗಾಗಿ ಕಲಿಸಿದ ತಂತ್ರಜ್ಞಾನ ತರಗತಿ ಮುಚ್ಚಿದಾಗಲೇ ಪೂರ್ಣ ಪ್ರಮಾಣದಲ್ಲಿ ಬಳಕೆಗೆ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಮಾತ್ರ ಅದಕ್ಕೆ ಹೊರತು. ಈ ಕಲಂಗೊಂದು ಆ್ಯಪ್ ಇನ್ನೂ ಬಂದಿಲ್ಲ.

ಒಟ್ಟಾರೆ, ಶಾಲೆಗೆ ಬಂದ ತಂತ್ರಜ್ಞಾನ ಕಚೇರಿಗೆ ಮುಖ ಮಾಡಿ, ಮಗುವಿಗೆ ಬೆನ್ನು ಕೊಟ್ಟು ಕೂತಿದೆ. ಶಿಕ್ಷಕರು ಅದನ್ನು ಬಳಸುತ್ತಿಲ್ಲವೆಂಬ ದೂರು ಸಲ್ಲದು. ಅದೇ ಶಿಕ್ಷಕರನ್ನು ಬಳಸುತ್ತಿದೆ. ಆದ್ದರಿಂದ ಮಾನ್ಯರಲ್ಲಿ ಕೋರುವುದು ಮೂರೇ. ಒಮ್ಮೆ ತುಂಬಿದ ಮಾಹಿತಿಯನ್ನು ಇನ್ನೊಮ್ಮೆ ಕೇಳಬೇಡಿ. ಪರದೆ ಕೊಡುವಾಗಲೇ ಅದರ ದುರಸ್ತಿಯ ಹಣವನ್ನೂ ಕೊಡಿ. ತರಗತಿಗೆ ಯಾವ ಸಾಧನ, ಯಾವ ಪಾಠಕ್ಕೆ ಬೇಕೆಂಬ ಗುರಿಯನ್ನು ಅಲ್ಲಿ ಪಾಠ ಮಾಡುವವರೇ ಬರೆಯಲಿ. ಅದಕ್ಕೆ ಸಂಜೆ ನಾಲ್ಕರ ಗಡುವು ಬೇಡ.