ಕ್ಲಾಂಪ್ ರಾಯರು

ನಮ್ಮ ಬಡಾವಣೆಯಲ್ಲಿ ರಾಯರುಗಳಿಗೆ ಬರವಿಲ್ಲ. ಎಲ್‌ಐಸಿ ರಾಯರಿದ್ದಾರೆ, ನಾಯಿ ರಾಯರಿದ್ದಾರೆ, ಮೇಲಿನ ಮನೆ ರಾಯರಿದ್ದಾರೆ. ಇವರು ಕ್ಲಾಂಪ್ ರಾಯರು. ಸರ್ಕಾರ ಪ್ರತಿ ಬಡಾವಣೆಗೂ ಒಂದು ಪಾರ್ಕು, ಒಂದು ನೀರಿನ ಟ್ಯಾಂಕು ಮಂಜೂರು ಮಾಡಿದ ಹಾಗೆ ದೇವರು ಇಂಥವರೊಬ್ಬರನ್ನು ಮಂಜೂರು ಮಾಡಿರುತ್ತಾನೆ. ನಿಮ್ಮಲ್ಲೂ ಇರುತ್ತಾರೆ, ಹೆಸರು ಬೇರೆ ಇರಬಹುದು, ಅಷ್ಟೆ.

ಕಾರ್ಖಾನೆಯೊಂದರ ಮಷಿನ್ ಶಾಪಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಗ್ಯಾರೇಜಿನವರನ್ನು ನಂಬಬಾರದು ಎಂಬುದು ಅವರ ಬಾಳಿನ ಸಿದ್ಧಾಂತ. "ಪ್ಯಾಡ್ ಹಾಕ್ಸೋಕೆ ಹೋದ್ರೆ ಡಿಸ್ಕೂ ಹೋಗಿದೆ ಅಂತಾರೆ. ಸರಿ, ಡಿಸ್ಕ್ ಹಾಕು ಅಂದ್ರೆ ಹೊಸ ಕಾರಿನ ಬ್ರೋಷರ್ ಕೈಗಿಡ್ತಾರೆ!" ಹೀಗಾಗಿ ಮುಂದಿನ ಚಕ್ರ ಕಿರ್ರೆಂದು ಅತ್ತ ದಿನವೇ ಅವರು ಜೆ.ಸಿ. ರಸ್ತೆಗೆ ಹೊರಡುತ್ತಾರೆ. ಅಂಗಡಿಯವನು ಪ್ಯಾಡಿನ ಡಬ್ಬಿ ಮುಂದಿಟ್ಟರೆ ಇವರು ಜೇಬಿನಿಂದ ವರ್ನಿಯರ್ ತೆಗೆದು ದಪ್ಪ ಅಳೆಯುತ್ತಾರೆ. ಹಿಂದೆ ನಿಂತ ಗಿರಾಕಿಗಳು ಗಡಿಯಾರ ನೋಡಿಕೊಳ್ಳುತ್ತಾರೆ.

ಆದರೆ ಅವರ ಜೀವ ಇರುವುದು ಎಸ್.ಪಿ. ರಸ್ತೆಯಲ್ಲಿ ಕೊಂಡ ಸಿ ಕ್ಲಾಂಪಿನಲ್ಲಿ. ಎರಕದ ಕಬ್ಬಿಣದ್ದು, ಆರಿಂಚಿನ ಬಾಯಿ, ತಿರುಪಿಗೆ ಸದಾ ಗ್ರೀಸು. ಅದನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿರುತ್ತಾರೆ. ಯಾರಿಗೂ ಕಡ ಕೊಡುವುದಿಲ್ಲ. "ಬೇಕಾದ್ರೆ ದುಡ್ಡು ಕೇಳಿ, ಯೋಚ್ನೆ ಮಾಡ್ತೀನಿ" ಎನ್ನುತ್ತಾರೆ.

ಭಾನುವಾರ ಬೆಳಿಗ್ಗೆ ಕಾರ್ಯಾರಂಭ. ಹ್ಯಾಂಡ್ ಬ್ರೇಕು ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಟ್ಟು ಸಡಿಲಿಸಿ, ಆಮೇಲೆ ಜ್ಯಾಕು. ಜ್ಯಾಕ್ ಕೈಕೊಟ್ಟೀತೆಂದು ಸ್ಟೆಪ್ನಿಯನ್ನು ಕಾರಿನಡಿ ಮಲಗಿಸುತ್ತಾರೆ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಪೈಪಿಗೆ ಜೋತು ಬಿಡದೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟುತ್ತಾರೆ. ಬಲಗಡೆಯದು ಮುಗಿಯುವ ತನಕ ಎಡಗಡೆಯದಕ್ಕೆ ಕೈ ಹಾಕುವುದಿಲ್ಲ. ಮರೆತರೆ ನೋಡಿಕೊಳ್ಳಲು ಒಂದು ಕಡೆ ಇರಲಿ ಎಂದು. ಸ್ಟೀರಿಂಗಿಗೆ "ಬ್ರೇಕ್ ಒತ್ತಬಾರದು, ಅಪ್ಪಣೆ ಮೇರೆಗೆ" ಎಂಬ ಚೀಟಿ ಅಂಟಿರುತ್ತದೆ. ಒಮ್ಮೆ ಅಳಿಯಂದಿರು ಹಾಡು ಕೇಳಲು ಒಳಗೆ ಕೂತು ಕಾಲು ಚಾಚಿದ್ದರು. ಪಿಸ್ಟನ್ ಇನ್ನೊಂದು ಚೂರಾಗಿದ್ದರೆ ಕ್ಯಾಲಿಪರಿನಿಂದ ಈಚೆಗೇ ಬರುತ್ತಿತ್ತು.

ಈಗ ಕ್ಲಾಂಪಿನ ಸರದಿ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದಕ್ಕೆ ಬಂದಿರುತ್ತದೆ. ಹೊಸ ಪ್ಯಾಡ್ ದಪ್ಪ, ಪಿಸ್ಟನ್ನನ್ನು ಹಿಂದಕ್ಕೆ ತಳ್ಳದೆ ಜಾಗವಿಲ್ಲ. ರಾಯರು ಹಳೇ ಪ್ಯಾಡನ್ನು ಪಿಸ್ಟನ್ನಿನ ಮೂತಿಗೆ ಅಡ್ಡ ಕೊಟ್ಟು, ಕ್ಲಾಂಪಿನ ಒಂದು ತುದಿಯನ್ನು ಕ್ಯಾಲಿಪರಿನ ಬೆನ್ನಿಗೂ ತಿರುಪನ್ನು ಪ್ಯಾಡಿಗೂ ಕೂರಿಸುತ್ತಾರೆ. ಕಾಲು ಸುತ್ತು. ನಿಲುಗಡೆ. ಮತ್ತೆ ಕಾಲು ಸುತ್ತು. ಈ ನಿಲುಗಡೆಗಳಲ್ಲಿ ಉಪನ್ಯಾಸ.

"ದೊಡ್ಡ ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಆಗಲ್ವಾ ಮಾವ?" ಎಂದು ಅಳಿಯಂದಿರು ಕೇಳಿದ್ದುಂಟು.

"ಪಿಸ್ಟನ್ ಓರೆಯಾಗಿ ಕೂತ್ರೆ? ರಬ್ಬರ್ ಹರಿದ್ರೆ? ನಿಮ್ಮ ಸಾಫ್ಟ್‌ವೇರ್‌ನಲ್ಲೂ ಹೀಗೇ ಮೀಟ್ತೀರಾ ಅಳಿಯಂದಿರೇ?"

ಉಪನ್ಯಾಸ ಯಾವಾಗಲೂ 1623ರಲ್ಲಿ, ಫ್ರಾನ್ಸಿನಲ್ಲಿ, ಪಾಸ್ಕಲ್ ಹುಟ್ಟುವುದರೊಂದಿಗೆ ಶುರುವಾಗುತ್ತದೆ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಎನ್ನುವಷ್ಟರಲ್ಲಿ ಹುಡುಗರು ಕ್ರಿಕೆಟ್ಟಿಗೆ ಜಾರಿರುತ್ತಾರೆ. 1921ರ ಡ್ಯೂಸನ್‌ಬರ್ಗ್ ಕಾರಿಗೆ, ಅಂದರೆ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂದ ಘಟ್ಟಕ್ಕೆ ತಲುಪಿದಾಗ ಉಳಿದಿರುವ ಶ್ರೋತೃ ಇಸ್ತ್ರಿ ಗಾಡಿಯವನೊಬ್ಬನೇ. ಅವನಿಗೆ ಗಾಡಿ ಬಿಟ್ಟು ಹೋಗುವಂತಿಲ್ಲ. ನಮ್ಮ ಬೀದಿಯಲ್ಲಿ ಡಿಸ್ಕ್ ಬ್ರೇಕಿನ ಇತಿಹಾಸ ಅವನಷ್ಟು ತಿಳಿದವರು ಇನ್ನೊಬ್ಬರಿಲ್ಲ.

ಪಿಸ್ಟನ್ ಒಳಕ್ಕೆ ಹೋದಷ್ಟೂ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಉಕ್ಕಿ ಕಾರಿನ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ. ಆದ್ದರಿಂದ ಮಡ್‌ಗಾರ್ಡಿನ ಮೇಲೆ ಹಳೇ ಸೀರೆ ಹೊದಿಸಿರುತ್ತಾರೆ. ಅದು ಹಳೆಯದು ಎಂಬ ತೀರ್ಮಾನ ರಾಯರದು, ಮನೆಯವರದಲ್ಲ. ಹೆಚ್ಚಾದ ಆಯಿಲ್ ಹೀರಲು ಸಿರಿಂಜು ಬೇಕಲ್ಲ, ಅದಕ್ಕೆ ಮೆಡಿಕಲ್ ಶಾಪಿಗೆ ಹೋಗಿ "ದೊಡ್ಡದು ಕೊಡಿ, ಸೂಜಿ ಬೇಡ" ಎಂದಾಗ ಅಂಗಡಿಯವನು ಮರುಕದಿಂದ "ಯಾರಿಗೆ ಸಾರ್?" ಎಂದು ಕೇಳಿದನಂತೆ. "ಗಾಡಿಗೆ" ಎಂದರು ರಾಯರು. ಹೀರಿದ್ದನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲ. ಈ ಆಯಿಲ್ ಗಾಳಿಯ ತೇವ ಕುಡಿಯುತ್ತದೆ, ಕುಡಿದ ಮೇಲೆ ಬೇಗ ಕುದಿಯುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತಡೆಯಬೇಕು, ತೇವ ಹೀರಿದ ಮೇಲೆ 155 ತಡೆದರೆ ಪುಣ್ಯ. ಈ ಲೆಕ್ಕವನ್ನು ಅವರು ತಮ್ಮ ಶುಗರ್ ರಿಪೋರ್ಟಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಎದುರು ಮನೆಯವರು ಹೊಸದಾಗಿ ಕೊಂಡ ದೊಡ್ಡ ಕಾರಿಗೆ ಹಿಂದೆಯೂ ಡಿಸ್ಕ್. ಗುಂಡಿ ಒತ್ತಿದರೆ ಹ್ಯಾಂಡ್ ಬ್ರೇಕ್ ಬೀಳುವ ಬಾಬತ್ತು. "ರಾಯರೇ, ನಮ್ಮದಕ್ಕೂ ನಿಮ್ಮ ಕ್ಲಾಂಪ್ ಹಾಕೋಣವೇ?" ಎಂದರು. ರಾಯರ ಮುಖ ಬಾಡಿತು. ಹಿಂದಿನ ಕೆಲವು ಪಿಸ್ಟನ್ನುಗಳನ್ನು ಒತ್ತುವಂತಿಲ್ಲ, ತಿರುಗಿಸುತ್ತಾ ತಳ್ಳಬೇಕು. ಗುಂಡಿಯ ಬ್ರೇಕಾದರೆ ಮೊದಲು ಸರ್ವಿಸ್ ಮೋಡಿಗೆ ಹಾಕದೆ ಬಲವಂತ ಮಾಡಿದರೆ ಒಳಗಿನ ಮೋಟಾರು, ಹಲ್ಲು ಹಾಳು. "ಅದು ಕಾರಲ್ಲ ಸ್ವಾಮಿ, ಕಂಪ್ಯೂಟರು" ಎಂದು ಕ್ಲಾಂಪನ್ನು ಪಂಚೆಯೊಳಗೆ ಸುತ್ತಿಕೊಂಡರು. ಗೊತ್ತಿಲ್ಲದ್ದಕ್ಕೆ ಕೈ ಹಾಕುವುದಿಲ್ಲ ಎಂಬ ಒಂದು ಗುಣಕ್ಕಾಗಿ ನಾನು ಅವರ ಪಾಸ್ಕಲನನ್ನೂ ಸಹಿಸಿಕೊಂಡಿದ್ದೇನೆ.

ಕೆಲಸ ಮುಗಿದಾಗ ಮಧ್ಯಾಹ್ನದ ಊಟ ಆರಿರುತ್ತದೆ. ಕಾರು ಅಲುಗಿಸುವ ಮುಂಚೆ ಬ್ರೇಕನ್ನು ಒತ್ತಿ, ಬಿಟ್ಟು, ಒತ್ತಿ, ಪೆಡಲ್ ಗಟ್ಟಿಯಾಗುವ ತನಕ ಬಿಡುವುದಿಲ್ಲ. ಇಲ್ಲದಿದ್ದರೆ ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ಎದುರು ಮನೆಯ ಗೇಟು ಮುಟ್ಟುತ್ತದೆ. ಮತ್ತೆ ಡಬ್ಬಿಯ ಗೆರೆ ನೋಡಿ, ಮನೆಯವರನ್ನು ಕೂರಿಸಿಕೊಂಡು ಒಂದು ಸುತ್ತು. ಹೊಸ ಪ್ಯಾಡು ಡಿಸ್ಕಿಗೆ ಹೊಂದಬೇಕೆಂದು ಖಾಲಿ ರಸ್ತೆಯಲ್ಲೂ ಹದವಾಗಿ ಬ್ರೇಕು. "ರೀ, ದೇವಸ್ಥಾನಕ್ಕೆ ಅಂದಿದ್ರಿ!" ಎಂಬ ಕೂಗು ಮೂಲೆ ತಿರುಗುವ ತನಕ ಕೇಳಿಸುತ್ತದೆ.

ರಾತ್ರಿ ಡೈರಿಯಲ್ಲಿ "ಗ್ಯಾರೇಜ್ ಲೇಬರ್ ಉಳಿತಾಯ" ಎಂದು ಬರೆಯುತ್ತಾರೆ. ಕ್ಲಾಂಪು, ವರ್ನಿಯರ್, ಜ್ಯಾಕು, ಆಟೋ ಖರ್ಚು, ಕಲೆಯಾದ ಸೀರೆಗೆ ಬದಲಿ ಸೀರೆ, ಇವು ಆ ಪುಟಕ್ಕೆ ಬರುವುದಿಲ್ಲ.

ನಿಮ್ಮ ಕಾರೂ ಕಿರ್ರೆಂದರೆ ಸ್ವಂತ ಕ್ಲಾಂಪ್ ಕೊಳ್ಳಿ, ಇವರ ಹತ್ತಿರ ಕೇಳಬೇಡಿ. ಕರೆದರೆ ಸಾಕು, ಬರಿಗೈಯಲ್ಲಿ ಬಂದು ಮೇಲ್ವಿಚಾರಣೆಗೆ ನಿಲ್ಲುತ್ತಾರೆ. ಆದರೆ ಇಸ್ತ್ರಿ ಗಾಡಿ ಹತ್ತಿರವೇ ಕಾರು ನಿಲ್ಲಿಸಿಕೊಳ್ಳಿ. ಕೇಳುವುದಕ್ಕೆ ಒಬ್ಬನಾದರೂ ಬೇಕಲ್ಲ.