ಭಾಗಿಸಿದರೆ ಕುಲಪತಿ, ಕೂಡಿಸಿದರೆ ಸಮಿತಿ

ಕೆ.ಆರ್.ಪುರ ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಪೂರ್ವ ನಗರ ಪಾಲಿಕೆಗೂ ಸೇರಿದೆ. ಅಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುಡುಗಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಬಿತ್ತೆಂದರೆ ಹಳೇ ಮದ್ರಾಸ್ ರಸ್ತೆ ಹಿಡಿದು ಇನ್ನೂ ಪೂರ್ವಕ್ಕೆ ಹೋಗಬೇಕು. ಹೊಸಕೋಟೆ, ನರಸಾಪುರ ದಾಟಿ ಸುಮಾರು 50 ಕಿಲೋಮೀಟರ್. ಕೋಲಾರದ ಟಮಕದಲ್ಲಿ ಇಳಿದು ತಲೆಯೆತ್ತಿದರೆ ಬೋರ್ಡು ಕಾಣುತ್ತದೆ: ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಪೂರ್ವದಿಂದ ಪೂರ್ವಕ್ಕೆ ಹೋದವಳು ಉತ್ತರ ಮುಟ್ಟುವ ಈ ಭೂಗೋಳವನ್ನು ಯಾವ ಸೆಮಿಸ್ಟರಿನಲ್ಲಿ ಹೇಳಿಕೊಡುತ್ತಾರೋ! ಹೇಳಿಕೊಡುವವರು ಅತಿಥಿ ಉಪನ್ಯಾಸಕರೇ ಇರಬೇಕೆಂದು ಮಾತ್ರ ಧೈರ್ಯವಾಗಿ ಊಹಿಸಬಹುದು.

ಅದೇ ಹುಡುಗಿ ಪಶ್ಚಿಮಕ್ಕೆ ತಿರುಗಿ ನೇರಳೆ ಮೆಟ್ರೊ ಹತ್ತಿದಳೆನ್ನಿ. ಇಂದಿರಾನಗರ, ಹಲಸೂರು, ಎಂ.ಜಿ. ರಸ್ತೆ, ವಿಧಾನಸೌಧ, ರೈಲು ಬದಲಿಸುವ ತಾಪತ್ರಯವಿಲ್ಲದೆ ಸೆಂಟ್ರಲ್ ಕಾಲೇಜಿನ ಬಾಗಿಲಲ್ಲೇ ಇಳಿಯುತ್ತಾಳೆ. ಕೆ.ಆರ್. ಸರ್ಕಲ್ಲಿನ ಆಸುಪಾಸಿನಲ್ಲಿ ಕಲ್ಲೆಸೆದರೆ ಅದು ಯಾವುದಾದರೊಂದು ವಿಶ್ವವಿದ್ಯಾಲಯದ ಮೇಲೆ ಬೀಳುತ್ತದೆ. 1858ರ ಸೆಂಟ್ರಲ್ ಕಾಲೇಜಿನ ಅಂಗಳದಲ್ಲಿ ಒಂದು. ಮಹಾರಾಣಿ ಕಾಲೇಜುಗಳನ್ನು ಗಂಟುಕಟ್ಟಿದ ಮಹಾರಾಣಿ ಕ್ಲಸ್ಟರ್ ಇನ್ನೊಂದು. ಸರ್ಕಾರಿ ವಿಜ್ಞಾನ ಕಾಲೇಜಿಗೆ ಬಡ್ತಿ ಕೊಟ್ಟು ಮಾಡಿದ ನೃಪತುಂಗ ಮತ್ತೊಂದು. 1917ರ ಇಂಜಿನಿಯರಿಂಗ್ ಕಾಲೇಜು ಯುವಿಸಿಇ ಮಗದೊಂದು. ನಾಲ್ಕೂ ಕಡೆಯ ಸರ್ಕಾರಿ ಕಾರುಗಳು ಒಂದೇ ಸಿಗ್ನಲ್ಲಿನಲ್ಲಿ ನಿಂತು ಪರಸ್ಪರ ನಮಸ್ಕರಿಸಬಹುದು. ನಮ್ಮ ಹುಡುಗಿಗೆ ಇದರಲ್ಲಿ ಒಂದೂ ಲೆಕ್ಕಕ್ಕಿಲ್ಲ. ಅವಳದು ಟಮಕ.

1964ರಲ್ಲಿ ಸೆಂಟ್ರಲ್ ಕಾಲೇಜು, ಯುವಿಸಿಇ ಕೂಡಿಸಿ ಬೆಂಗಳೂರು ವಿಶ್ವವಿದ್ಯಾಲಯ ಕಟ್ಟಿದರು. ತೀರಾ ದೊಡ್ಡದಾಯಿತೆಂದು 2017ರಲ್ಲಿ ಬೆಂಗಳೂರು, ಉತ್ತರ, ಸೆಂಟ್ರಲ್ ಎಂದು ಮೂರು ಪಾಲು ಮಾಡಿದರು. ಪಾಲಿನಲ್ಲಿ ಬಂದ ಸೆಂಟ್ರಲ್ ವಿಶ್ವವಿದ್ಯಾಲಯ ಆಮೇಲೆ ಸಿಟಿ ಆಯಿತು, 2025ರಲ್ಲಿ ಡಾ. ಮನಮೋಹನ್ ಸಿಂಗ್ ಆಯಿತು. ಎಂಟು ವರ್ಷಕ್ಕೆ ಮೂರು ಹೆಸರು. ಬೋರ್ಡು ಬರೆಯುವವರ ಹೊಟ್ಟೆ ತಣ್ಣಗಿರಲಿ. ಈ ನಡುವೆ ಜಿಲ್ಲೆಗೊಂದರಂತೆ ಇನ್ನೂ ಏಳು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳ ಕೈಗೆ ಗದ್ದುಗೆ ಸಿಕ್ಕಿತು, ಗಂಟು ಸಿಗಲಿಲ್ಲ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಕೂತು, ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವಕ್ಕೆ ಸೇರಿಸಿಬಿಡಿ ಎಂದಿತು. ಮರು ತಿಂಗಳ ಬಜೆಟ್ಟು, ಸರ್ಕಾರಿ ಕಲಾ ಕಾಲೇಜನ್ನೂ ಆರ್‌.ಸಿ. ಕಾಲೇಜನ್ನೂ ಮನಮೋಹನ್ ಸಿಂಗರ ಹೆಸರಿನ ವಿಶ್ವವಿದ್ಯಾಲಯಕ್ಕೆ ಕೂಡಿಸುತ್ತೇವೆ ಎಂದಿತು. ಭಾಗಿಸಿದಾಗ ಕುಲಪತಿ ಹುಟ್ಟುತ್ತಾರೆ, ಕೂಡಿಸುವಾಗ ಸಮಿತಿ ಹುಟ್ಟುತ್ತದೆ. ಬಂಜೆಯಾಗದ ಗಣಿತ.

ಕೂಡಿಸಿ ಭಾಗಿಸುವ ಈ ಲೆಕ್ಕ ಬೆಂಗಳೂರಿನ ದಂಡು ಪ್ರದೇಶದವರಿಗೆ, ಅದರಾಚೆಯ ಪೂರ್ವದವರಿಗೆ ಹೊಸದಲ್ಲ. ಶಿವಾಜಿನಗರ, ಹಲಸೂರಿನ ಕಂಟೋನ್ಮೆಂಟನ್ನು 1949ರಲ್ಲಿ ಪೇಟೆಗೆ ಕೂಡಿಸಿದರು. 2007ರಲ್ಲಿ ಕೆ.ಆರ್.ಪುರ, ಮಹದೇವಪುರಗಳನ್ನು ಬಿಬಿಎಂಪಿಗೆ ಕೂಡಿಸಿದರು. 2025ರಲ್ಲಿ ಐದು ಹೋಳು ಮಾಡಿದರು. ಕಸದ ಗಾಡಿ ಮೂರು ಕಾಲದಲ್ಲೂ ತನಗೆ ತೋಚಿದಾಗಲೇ ಬಂದಿದೆ.

ಕಾಲೇಜು ಕೂಡಿಸುವುದರಲ್ಲಿ ಅಮೆರಿಕದವರೂ ಏನು ಕಡಿಮೆಯಿಲ್ಲ. ಕನೆಕ್ಟಿಕಟ್ ರಾಜ್ಯ ತನ್ನ 12 ಸಮುದಾಯ ಕಾಲೇಜುಗಳನ್ನು 2023ರ ಜುಲೈ 1ರಂದು ಒಂದೇ ಕಾಲೇಜು ಮಾಡಿತು. ಅದಕ್ಕೆ ಮುನ್ನ ಅಲ್ಲಿನ ಅಧ್ಯಾಪಕರು ವರ್ಷಗಟ್ಟಲೆ ಜಗಳವಾಡಿದರು. ನಮ್ಮಲ್ಲಿ ಆ ರಗಳೆಯಿಲ್ಲ, ಜಗಳವಾಡಲು ಕಾಯಂ ಅಧ್ಯಾಪಕರು ಸಾಕಷ್ಟು ಬೇಕಲ್ಲ! ರಾಜ್ಯದ 430ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಎಳೆಯುತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಹತ್ತಾರು ವರ್ಷ ಪಾಠ ಮಾಡಿಯೂ ಅತಿಥಿಯಾಗಿಯೇ ಉಳಿಯುವ ಸೌಭಾಗ್ಯ ಬೇರೆ ಯಾವ ಮನೆಯಲ್ಲಿದೆ? ಊಟಕ್ಕೆ ಮಾತ್ರ ಅವರು ಧರಣಿ ಕೂರಬೇಕು.

ಆದ್ದರಿಂದ ಸರ್ಕಾರಕ್ಕೆ ನನ್ನದೊಂದು ಸಲಹೆ. ಆ 430ನ್ನೂ ಕೂಡಿಸಿ ಒಂದೇ ವಿಶ್ವವಿದ್ಯಾಲಯ ಮಾಡಿಬಿಡಿ. ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಆಗಲೇ ರಾಮನಗರ ಜಿಲ್ಲೆಯ ಪಾಲಾಗಿದೆ, ‘ಉತ್ತರ’ ಕೋಲಾರದಲ್ಲಿದೆ. ಬೆಂಗಳೂರು ಪಶ್ಚಿಮ ವಿಶ್ವವಿದ್ಯಾಲಯ ಎಂಬ ಹೆಸರು ಇನ್ನೂ ಖಾಲಿ ಇದೆ. ಮುಳಬಾಗಿಲಿನಲ್ಲಿ ಜಾಗ ನೋಡಬಹುದು. ಐದು ವರ್ಷವಾದ ಮೇಲೆ ಭಾರ ಹೆಚ್ಚಾಯಿತೆಂದು ಪಾಲು ಮಾಡಲು ಸಮಿತಿ ರಚಿಸಿದರಾಯಿತು.

ಕೆ.ಆರ್.ಪುರದ ಒಂದೇ ಮನೆಯಲ್ಲಿ ಅಕ್ಕನ ಪದವಿ ಬೆಂಗಳೂರಿನದು, ತಂಗಿಯದು ಉತ್ತರದ್ದು ಆಗಿರಬಹುದು. ಇಬ್ಬರೂ ಸವೆಸಿದ್ದು ಅದೇ ಬೆಂಚು. ಕಿರಿಯ ತಮ್ಮನೂ ಈ ವರ್ಷ ಸೇರುವವನಿದ್ದರೆ, ತಾಯ್ತಂದೆಯರೇ, ಅವನ ಮೊದಲ ಸೆಮಿಸ್ಟರಿನ ಅಂಕಪಟ್ಟಿಗೆ ಆತುರಪಟ್ಟು ಲ್ಯಾಮಿನೇಷನ್ ಮಾಡಿಸಬೇಡಿ.