ಮೆಟ್ಟಿಲು ಕೇಳಿ ರೂಮು ಹಿಡಿಯಿರಿ

ಟಿಕೆಟ್ ಆಯ್ತು ಅಂದ್ರಲ್ಲ, ಬಹಳ ಸಂತೋಷ. ಅಮಾಲ್ಫಿ ಕರಾವಳಿ ಅಂದ್ರೆ ಏನು, ಎತ್ತ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದ ಮೈಗೆ ಒರಗಿದ ಬಣ್ಣದ ಮನೆಗಳು, ಕೆಳಗೆ ನೀಲಿ ನೀರು, ಆ ಚಿತ್ರ ನಿಮ್ಮ ಮಗಳ ಫೋನಿನಲ್ಲೂ ಇದೆ, ಟ್ರಾವೆಲ್ಸ್‌ನವರ ಗೋಡೆ ಮೇಲೂ ಇದೆ. ಆದರೆ ಎಲ್ಲಿ ಉಳ್ಕೋತೀರಿ ಅಂದದ್ದಕ್ಕೆ ಥಟ್ಟನೆ ‘ಪೊಸಿತಾನೊ’ ಅಂದ್ರಿ ನೋಡಿ, ಅಲ್ಲೊಂದು ಗಳಿಗೆ ನಿಲ್ಲಿ. ಷೆಂಗೆನ್ ವೀಸಾ ಅರ್ಜಿ ಜೊತೆ ಉಳಿಯೋ ಜಾಗದ ಬುಕಿಂಗ್ ಕಾಗದ ಇಡಬೇಕಲ್ಲ, ಹಾಗಾಗಿ ನಮ್ಮ ಕಡೆಯವರು ಈ ಕೆಲಸವನ್ನ ಬಹಳ ಅವಸರದಲ್ಲಿ ಮುಗಿಸಿಬಿಡ್ತಾರೆ. ವಿಮಾನದ ಟಿಕೆಟ್ಟಿಗೆ ವಾರಗಟ್ಟಲೆ ಅಳೆದು ಸುರಿದವರು ಹೋಟೆಲನ್ನ ಒಂದು ಫೋಟೋ ನೋಡಿ ಹಿಡಿದುಬಿಡ್ತಾರೆ. ಫೋಟೋದಲ್ಲಿ ಸಮುದ್ರ ಕಾಣುತ್ತೆ, ಮೆಟ್ಟಿಲು ಕಾಣಲ್ಲ. ಅಲ್ವಾ?

ಆ ಕರಾವಳಿಯಲ್ಲಿ ಎಲ್ಲಕ್ಕೂ ಮೂಲ ಈ ಮೆಟ್ಟಿಲೇ. ಲತ್ತಾರಿ ಬೆಟ್ಟಸಾಲು ಕಡಲಿಗೆ ಕಡಿದಾಗಿ ಇಳಿದುಬಿಟ್ಟಿದೆ, ನಡುವೆ ಸಮತಟ್ಟು ಅನ್ನೋದು ತೀರಾ ಕಡಿಮೆ. ಹಾಗಾಗಿ ಬೀದಿ ಅಂದ್ರೆ ಅಲ್ಲಿ ಬಹುಪಾಲು ಮೆಟ್ಟಿಲುಸಾಲು. ಪೊಸಿತಾನೊದ ಒಳಗೆ ಇಳಿಯೋ ಗಾಡಿ ರಸ್ತೆ ಒಂದೇ, ಅದೂ ಏಕಮುಖ, ದಂಡೆವರೆಗೆ ಬರೋದೂ ಇಲ್ಲ. ಮಿಕ್ಕದ್ದೆಲ್ಲ ಕಾಲಿಗೆ ಬಿಟ್ಟದ್ದು. ಸೂಟ್‌ಕೇಸ್ ಹೊತ್ತುಕೊಡೋಕೆ ಪೋರ್ಟರ್‌ಗಳಿದ್ದಾರೆ, ದುಡ್ಡು ಕೊಟ್ಟರೆ ಹೊರುತ್ತಾರೆ. ಮನೆ ಕಟ್ಟೋರು ಏನು ಮಾಡಬೇಕು ಹೇಳಿ? ಅದಕ್ಕೆ ಹೇಸರಗತ್ತೆ. ಇವತ್ತಿಗೂ ಆ ಊರುಗಳಲ್ಲಿ ಇಟ್ಟಿಗೆ, ಮರಳು, ಸಿಮೆಂಟ್ ಮೂಟೆ ಅದರ ಬೆನ್ನ ಮೇಲೇ ಹತ್ತೋದು. ಒಂದು ರಾತ್ರಿಗೆ ಸಾವಿರಾರು ಯೂರೋ ಕೇಳೋ ಹೋಟೆಲಿನ ಪಕ್ಕದ ಓಣಿಯಲ್ಲಿ ನಾಲ್ಕಾರು ಹೇಸರಗತ್ತೆ ಸಾಲಾಗಿ, ಗಂಭೀರವಾಗಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತುತ್ತಾ ಇರ್ತವೆ. ಫೋಟೋ ತೆಗೆಸಿಕೊಳ್ಳೋಕೆ ಅಂತ ಲಂಗ ಹರಡಿಕೊಂಡು ಕೂತ ಹುಡುಗಿಯರೆಲ್ಲ ಎದ್ದು ದಾರಿ ಬಿಡಬೇಕು. ಆ ಕರಾವಳಿಯಲ್ಲಿ ನನಗೆ ಬಲು ಇಷ್ಟವಾದ ನೋಟ ಅದು.

ಇನ್ನೊಂದು ಇದೆ, ಪನಾರೊ. ಮೂರನೇ ಮಹಡಿಯ ಅಜ್ಜಿ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡ್ತಾಳೆ, ಕೆಳಗಿನ ಅಂಗಡಿಯವನು ಬ್ರೆಡ್ಡೋ ತರಕಾರಿಯೋ ಇಟ್ಟು ಒಂದು ಕೂಗು ಹಾಕ್ತಾನೆ, ಬುಟ್ಟಿ ಮೇಲಕ್ಕೆ ಹೋಗುತ್ತೆ. ನಮ್ಮ ಮಹಡಿ ಮನೆಯವರು ಬೆಳಿಗ್ಗೆ ಹೂವಿನವಳಿಗೆ ಬುಟ್ಟಿ ಇಳಿಬಿಡ್ತಾರಲ್ಲ, ಥೇಟ್ ಹಾಗೇ. ನಾವು ಅಮಾಲ್ಫಿ ಪಕ್ಕದ ಅತ್ರಾನಿಯಲ್ಲಿ ಉಳಿದಿದ್ದಾಗ ಎದುರು ಮನೆಯ ಅಜ್ಜಿ ಬುಟ್ಟಿಯಲ್ಲಿ ಬರೀ ಚೀಟಿ ಇಳಿಸಿ, ಅದನ್ನ ಓದಿದ ಅಂಗಡಿಯವನ ಜೊತೆ ಮೇಲಿನಿಂದಲೇ ಅರ್ಧ ಗಂಟೆ ಮಾತಾಡಿ, ಕೊನೆಗೆ ಎರಡು ಟೊಮೆಟೊ ತರಿಸಿಕೊಂಡಳು. ನಾವು ಕಾಫಿ ಮುಗಿದಿದ್ದರೂ ಏಳದೆ ಅದನ್ನೇ ನೋಡ್ತಾ ಕೂತಿದ್ವಿ. ಉಳಿಯೋಕೆ ಊರು ಹುಡುಕಬೇಕಾದ್ದು ಇಂಥದ್ದು ಸಿಗೋ ಕಡೆ ಅಂತ ನನ್ನ ಅಭಿಪ್ರಾಯ.

ಪೊಸಿತಾನೊ ಕೆಟ್ಟದ್ದು ಅಂತಲ್ಲ, ಹಾಗೆ ತಿಳ್ಕೋಬೇಡಿ. 1953ರಲ್ಲಿ ಕಾದಂಬರಿಕಾರ ಜಾನ್ ಸ್ಟೀನ್‌ಬೆಕ್ ಒಂದು ಅಮೆರಿಕನ್ ಪತ್ರಿಕೆಗೆ ಆ ಊರಿನ ಬಗ್ಗೆ ಬರೆದರು. ಆಗ ಅದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಊರು. ಅಲ್ಲಿಂದ ಈಚೆಗೆ ಅದರ ಹೆಸರು ಏರ್ತಾ ಹೋಯ್ತು, ಬೆಲೆಯೂ ಏರ್ತಾ ಹೋಯ್ತು. ಸಾಂತಾ ಮರಿಯಾ ಅಸ್ಸುಂತಾ ಚರ್ಚಿನ ಹೊಳೆಯೋ ಬಿಲ್ಲೆಗಳ ಗುಮ್ಮಟ ನೋಡಬೇಕಾದ್ದೇ. ಆದರೆ ಒಂದು ವಿಷಯ ಯೋಚನೆ ಮಾಡಿ: ಪೊಸಿತಾನೊದ ಒಳಗಿದ್ದವರಿಗೆ ಪೊಸಿತಾನೊ ಇಡಿಯಾಗಿ ಕಾಣಲ್ಲ. ಅದರ ಚೆಂದ ಪೂರ್ತಿ ಸಿಗೋದು ದೋಣಿಯಲ್ಲಿ ಬರುವಾಗ, ಅಥವಾ ಪಕ್ಕದ ಪ್ರಯಾನೊದಿಂದ. ಪ್ರಯಾನೊದಲ್ಲಿ ಸಂಜೆ ಬಿಸಿಲು ಬಹಳ ಹೊತ್ತು ಇರುತ್ತೆ, ಗದ್ದಲ ಕಡಿಮೆ, ಬಾಡಿಗೆಯೂ ಕಡಿಮೆ. ಮೆಟ್ಟಿಲು ಮಾತ್ರ ಅಲ್ಲೂ ಬೇಕಾದಷ್ಟಿವೆ. ಗಂಡ ಹೆಂಡತಿ ಇಬ್ಬರೇ, ಮಂಡಿ ಗಟ್ಟಿ, ಸಂಜೆ ಸುಮ್ಮನೆ ಕೂತಿರೋಕೆ ಇಷ್ಟ ಅನ್ನೋರಿಗೆ ಅದು ಹೇಳಿ ಮಾಡಿಸಿದ ಊರು.

ಇನ್ನು ಊರಿಂದ ಊರಿಗೆ ಓಡಾಡೋ ದಾರಿ. 163ನೇ ಹೆದ್ದಾರಿ ಅಂತ ಒಂದೇ ಒಂದು ರಸ್ತೆ, ಬೂರ್ಬನ್ ರಾಜರ ಕಾಲದಲ್ಲಿ, ಅಂದ್ರೆ 19ನೇ ಶತಮಾನದಲ್ಲಿ, ಬಂಡೆ ಕಡಿದು ಮಾಡಿದ್ದು. ಕುದುರೆ ಗಾಡಿಗೆ ಅಂತ ಮಾಡಿದ ರಸ್ತೆಯಲ್ಲಿ ಈಗ ಸೀತಾ ಬಸ್ಸು ಓಡುತ್ತೆ. ಹೌದು, ಕಂಪನಿ ಹೆಸರು ಸೀತಾ ಅಂತಲೇ, ನಮ್ಮವರಿಗೆ ಕೇಳಿದ ಕೂಡಲೇ ನೆನಪಿರುತ್ತೆ. ಆ ಡ್ರೈವರುಗಳ ಕೈಚಳಕಕ್ಕೆ ನಮಸ್ಕಾರ ಹೇಳಬೇಕು. ಕುರುಡು ತಿರುವು ಬಂತು ಅಂದ್ರೆ ಉದ್ದಕ್ಕೆ ಹಾರ್ನ್. ಎದುರಿಂದ ಇನ್ನೊಂದು ಬಸ್ಸಿನ ಹಾರ್ನ್ ಕೇಳಿಸಿತೋ, ಒಬ್ಬ ನಿಲ್ಲಿಸ್ತಾನೆ, ಒಬ್ಬ ಹಿಂದಕ್ಕೆ ತಗೋತಾನೆ, ಕನ್ನಡಿಗೂ ಗೋಡೆಗೂ ನಡುವೆ ಬೆರಳು ತೂರಿಸುವಷ್ಟು ಜಾಗದಲ್ಲಿ ಇಬ್ಬರೂ ದಾಟಿಕೊಂಡು, ಕೈ ಎತ್ತಿ ವಂದಿಸಿ ಹೋಗ್ತಾರೆ. ಬಸ್ಸಿನೊಳಗೆ ಚಪ್ಪಾಳೆ ಬೀಳೋದೂ ಉಂಟು. ಕಾರು ಬಾಡಿಗೆ ತಗೊಂಡು ನಾವೇ ಓಡಿಸೋಣ ಅಂತ ನಿಮ್ಮ ಅಳಿಯಂದಿರು ಅಂದರೆ ದಯವಿಟ್ಟು ಬೇಡ ಅನ್ನಿ. ಅಲ್ಲಿ ಬಲಗಡೆ ಓಡಿಸಬೇಕು, ಪಾರ್ಕಿಂಗ್ ದುಬಾರಿ, ಮೇಲೆ 2022ರಿಂದ ಸೀಸನ್ನಿನಲ್ಲಿ ಸಮ-ಬೆಸ ನಂಬರ್ ಪ್ಲೇಟಿನ ನಿಯಮ ಬೇರೆ. ಬಸ್ಸಿಗೆ ಜುಲೈ, ಆಗಸ್ಟಿನಲ್ಲಿ ಕ್ಯೂ ಉದ್ದ. ಆಗಸ್ಟ್ 15ರ ಫೆರಾಗೋಸ್ತೊ ಸುತ್ತಮುತ್ತ ಅಂತೂ ಇಡೀ ಇಟಲಿಗೆ ರಜೆ, ಆಗ ಆ ಕಡೆ ತಲೆ ಹಾಕೋದೇ ಬೇಡ.

ಹಾಗಾದ್ರೆ ಓಡಾಡೋದು ಹೇಗೆ? ದೋಣಿಯಲ್ಲಿ. ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಸಲೆರ್ನೊ, ಮಯೋರಿ, ಮಿನೋರಿ, ಅಮಾಲ್ಫಿ, ಪೊಸಿತಾನೊ ನಡುವೆ ಫೆರಿ ಓಡಾಡ್ತವೆ. ಕಡಲು ಕೆರಳಿದ ದಿನ ನಿಲ್ಲಿಸಿಬಿಡ್ತಾರೆ, ಅಷ್ಟೇ ತೊಂದರೆ. ಇದೊಂದು ಗೊತ್ತಿದ್ದರೆ ಎಲ್ಲಿ ಉಳಿಯಬೇಕು ಅನ್ನೋ ಗೊಂದಲ ಅರ್ಧ ಕರಗಿಹೋಗುತ್ತೆ. ಫೆರಿ ಕಟ್ಟೆಯಿಂದ ಸಮತಟ್ಟಾಗಿ ನಡೆದು ಹೋಗೋ ಹಾಗೆ ರೂಮು ಹಿಡಿದರೆ ಆಯ್ತು, ಬೇಕಾದ ಊರಿಗೆ ಹೋಗಿ ಬರಬಹುದು.

ಅಮಾಲ್ಫಿ ಪೇಟೆಯಲ್ಲೇ ಇದ್ದರೆ ಬಸ್ಸೂ ಅಲ್ಲೇ, ದೋಣಿಯೂ ಅಲ್ಲೇ. ಸಂತ ಆಂಡ್ರೂ ಕೆಥೆಡ್ರಲ್ಲಿನ ಮುಂದೆ 62 ಮೆಟ್ಟಿಲು. ಜೂನ್ 27ಕ್ಕೆ ನೀವು ಅಲ್ಲಿದ್ದರೆ ಸಂಜೆ ಬೇರೆಲ್ಲೂ ಹೋಗಬೇಡಿ. 1544ರಲ್ಲಿ ಒಟ್ಟೊಮನ್ ನೌಕಾಪತಿ ಬಾರ್ಬರೊಸಾನ ಹಡಗುಗಳು ದಾಳಿಗೆ ಬಂದಾಗ ಬಿರುಗಾಳಿ ಎದ್ದು ಊರು ಉಳಿಯಿತಂತೆ. ಅದು ಸಂತನ ದಯೆ ಅಂತ ಊರವರ ನಂಬಿಕೆ. ಆ ನೆನಪಿಗೆ ಭಾರದ ಮೂರ್ತಿಯನ್ನ ಹೆಗಲ ಮೇಲೆ ಹೊತ್ತ ಗಂಡಸರು ಅಷ್ಟೂ ಮೆಟ್ಟಿಲನ್ನ ಒಂದೇ ಉಸಿರಿಗೆ ಓಡಿ ಹತ್ತುತ್ತಾರೆ. ಕೆಳಗೆ ನಿಂತು ನೋಡೋರ ಎದೆ ಢವಢವ. ನಾಟಕ ಓದೋರು ನೀವು, ಇನ್ನೊಂದು ಹೇಳ್ತೀನಿ: ಇಬ್ಸನ್ 1879ರಲ್ಲಿ ಅಮಾಲ್ಫಿಯಲ್ಲಿ ಉಳಿದುಕೊಂಡು ಬರೆದದ್ದು ‘ಎ ಡಾಲ್ಸ್ ಹೌಸ್’. ಅವರಿದ್ದ ಹಳೇ ಮಠದ ಕಟ್ಟಡ ಈಗಲೂ ಹೋಟೆಲ್. ಇಷ್ಟೆಲ್ಲ ಇದ್ದರೂ ಹಗಲು ಹೊತ್ತು ಅಮಾಲ್ಫಿ ಚೌಕದಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅದೊಂದು ಕೊರತೆ.

ಆ ಕೊರತೆಗೆ ಪರಿಹಾರ ಪಕ್ಕದಲ್ಲೇ ಇದೆ. ಅಮಾಲ್ಫಿಯಿಂದ ಸುರಂಗ ಹಾದು ಹತ್ತು ನಿಮಿಷ ನಡೆದರೆ ಅತ್ರಾನಿ. ವಿಸ್ತೀರ್ಣ 0.12 ಚದರ ಕಿಲೋಮೀಟರ್, ಇಡೀ ಇಟಲಿಯಲ್ಲೇ ಅತಿ ಚಿಕ್ಕ ಪುರಸಭೆ. ಒಂದು ಚೌಕ, ಒಂದು ಪುಟ್ಟ ದಂಡೆ, ತಲೆ ಮೇಲೆ ಹೆದ್ದಾರಿಯ ಕಮಾನುಗಳು. ಅಮಾಲ್ಫಿ ಸ್ವತಂತ್ರ ಗಣರಾಜ್ಯವಾಗಿದ್ದ ಕಾಲದಲ್ಲಿ ಅದರ ದೊರೆಗಳಿಗೆ ಪಟ್ಟ ಕಟ್ಟುತ್ತಿದ್ದದ್ದು ಈ ಚೌಕದ ಚರ್ಚಿನಲ್ಲಿ. ಮೆಟ್ಟಿಲು ಹತ್ತಿದರೂ ಕೆಳಗೇ ಬಂದು ಸೇರೋ ಹಾಗೆ ಚಿತ್ರ ಬರೆದ ಎಷರ್ ಇದ್ದಾರಲ್ಲ, ಅವರು ಹೆಂಡತಿಯಾಗುವವಳನ್ನ ಮೊದಲು ಕಂಡದ್ದು ಇಲ್ಲೇ ಮೇಲಿನ ರವೆಲ್ಲೊದಲ್ಲಿ, 1923ರಲ್ಲಿ. ಆಮೇಲೆ 1931ರಲ್ಲಿ ಅತ್ರಾನಿಯ ಚಿತ್ರ ಮಾಡಿದರು, ಅದೇ ಊರು ಅವರ ಮುಂದಿನ ಕೃತಿಗಳಲ್ಲೂ ಮತ್ತೆ ಬಂತು. ಆ ಓಣಿಗಳಲ್ಲಿ ಒಂದು ಸುತ್ತು ಬನ್ನಿ, ಯಾರದೋ ಮನೆ ಬಾಗಿಲು, ಅದರ ಮೇಲೆ ಇನ್ಯಾರದೋ ಅಂಗಳ, ಅದರ ಕೆಳಗೆ ದಾರಿ. ಯಾವುದು ಒಳಗೆ, ಯಾವುದು ಹೊರಗೆ ಅಂತ ತಿಳಿಯಲ್ಲ. ಎಷರ್ ಕಣ್ಣು ಇಲ್ಲೇ ಪಳಗಿರಬೇಕು ಅಂತ ನನಗಂತೂ ಅನ್ನಿಸಿತು.

ರವೆಲ್ಲೊ ಅಂದೆನಲ್ಲ, ಅದು ಸಮುದ್ರದಿಂದ ಮುನ್ನೂರೈವತ್ತು ಮೀಟರಿಗೂ ಎತ್ತರ. ದಂಡೆ ಇಲ್ಲ, ತಂಪು ಇದೆ. 1880ರಲ್ಲಿ ವಾಗ್ನರ್ ವಿಲ್ಲಾ ರುಫೋಲೊದ ತೋಟ ನೋಡಿ, ತನ್ನ ‘ಪಾರ್ಸಿಫಾಲ್’ ಒಪೆರಾದ ಮಾಯಾತೋಟ ಇಲ್ಲೇ ಸಿಕ್ಕಿತು ಅಂತ ಹಿಗ್ಗಿದರು. ಅದರ ನೆನಪಿಗೆ 1953ರಿಂದ ಬೇಸಿಗೆಯಲ್ಲಿ ಅಲ್ಲಿ ಸಂಗೀತೋತ್ಸವ ನಡೆಯುತ್ತೆ, ವೇದಿಕೆ ಬೆಟ್ಟದಂಚಿನಿಂದ ಆಚೆಗೆ ಚಾಚಿಕೊಂಡಿರುತ್ತೆ, ಹಿಂದೆ ಬರೀ ಕಡಲು. ಸಂಗೀತ ಕೇಳೋ ಮನಸ್ಸಿದ್ದರೆ ಒಂದು ರಾತ್ರಿ ಅಲ್ಲಿ ಇರಿ. ದಿನಾ ನೀರಿಗಿಳಿಯಬೇಕು ಅನ್ನೋ ಮಕ್ಕಳಿದ್ದರೆ ಬೇಡ, ಹತ್ತಿ ಇಳಿಯೋದ್ರಲ್ಲೇ ರಜೆ ಮುಗಿಯುತ್ತೆ.

ನಿಮ್ಮ ಅತ್ತೆಯವರೂ ಬರ್ತಾರೆ ಅಂದ್ರಲ್ಲ? ಹಾಗಾದ್ರೆ ನಾನು ಎರಡು ಮಾತಿಲ್ಲದೆ ಮಿನೋರಿ ಅಂತೀನಿ. ದಂಡೆಯ ಉದ್ದಕ್ಕೂ ಸಮತಟ್ಟು, ಸಂಜೆ ಹಿರಿಯರು ಬೆಂಚಿನ ಮೇಲೆ ಕೂತು ಮೊಮ್ಮಕ್ಕಳನ್ನ ಆಡಿಸ್ತಾರೆ. ಊರ ನಡುವೆಯೇ ಒಂದನೇ ಶತಮಾನದ ರೋಮನ್ ವಿಲ್ಲಾ, ಎರಡು ಸಾವಿರ ವರ್ಷದ ಹಿಂದಿನ ಶ್ರೀಮಂತರು ರಜೆಗೆ ಇದೇ ಜಾಗ ಆರಿಸಿಕೊಂಡಿದ್ದರು ಅಂತಾಯ್ತು. ಪಕ್ಕದ ಮಯೋರಿಯಲ್ಲಿ ಆ ಕರಾವಳಿಯ ಅತಿ ಉದ್ದದ ದಂಡೆ ಇದೆ. 1954ರ ಪ್ರವಾಹದಲ್ಲಿ ಊರು ನಲುಗಿ ಮತ್ತೆ ಕಟ್ಟಿದ್ದರಿಂದ ಅಲ್ಲಿ ಕಟ್ಟಡಗಳು ಹೊಸವು, ಲಿಫ್ಟ್ ಇರೋ ಹೋಟೆಲೂ ಸಿಗ್ತವೆ. ಫೋಟೋಕ್ಕೆ ಅಷ್ಟು ಒಪ್ಪಲ್ಲ, ಮಂಡಿಗೆ ಒಪ್ಪುತ್ತೆ. ಎರಡೂ ಊರಿನ ನಡುವೆ ಗುಡ್ಡದ ಮೇಲೆ ನಿಂಬೆಯ ದಾರಿ ಅಂತ ಹಳೇ ಕಾಲುಹಾದಿ. ಚೆಸ್ಟ್‌ನಟ್ ಮರದ ಗಳು ನೆಟ್ಟು ಚಪ್ಪರ ಹಾಕಿ ಬೆಳೆಸಿದ ಉದ್ದನೆ ನಿಂಬೆ, ‘ಸ್ಫುಸಾತೊ’ ಅಂತಾರೆ. ಹಿಂದೆ ಹೆಂಗಸರು ಆ ಹಣ್ಣಿನ ಹೊರೆ ಹೊತ್ತು ಇದೇ ದಾರಿಯಲ್ಲಿ ದಂಡೆಗೆ ಇಳಿಸ್ತಿದ್ದರು, ಅವರನ್ನ ಇರುವೆಗಳು ಅಂತ ಕರೀತಿದ್ದರಂತೆ. ಐವತ್ತು ಕಿಲೋ ಮೇಲಿನ ಹೊರೆ, ಬರಿಗಾಲು, ಅವೇ ಮೆಟ್ಟಿಲು. ಆ ಹಾದಿಯಲ್ಲಿ ನೀರಿನ ಬಾಟಲಿ ಒಂದೇ ಹಿಡಿದು ನಡೆಯೋವಾಗ ಅವರ ನೆನಪಾಗದೆ ಇರಲ್ಲ.

ಊಟದ ಚಿಂತೆ ಬೇಡ. ಮಿನೋರಿಯಲ್ಲಿ ಎನ್‌ದುಂದೆರಿ ಅಂತ ಮಾಡ್ತಾರೆ, ರಿಕೊಟ್ಟಾ ಮತ್ತು ಹಿಟ್ಟಿನ ಮೆತ್ತನೆ ಉಂಡೆ, ಟೊಮೆಟೊ ಸಾಸಿನಲ್ಲಿ. ನಿಂಬೆ ಎಲೆಯ ನಡುವೆ ಇಟ್ಟು ಸುಟ್ಟ ಚೀಸ್, ಬದನೆಕಾಯಿಯ ಪಾರ್ಮಿಜಾನಾ, ಕೊನೆಗೆ ನಿಂಬೆ ಕೇಕು. ಸಾಸಿನಲ್ಲಿ ಮಾಂಸ ಇದೆಯಾ ಅಂತ ಒಮ್ಮೆ ಕೇಳಿಕೊಳ್ಳಿ. ಅದೇ ಕರಾವಳಿಯ ಚೆತಾರಾ ಅನ್ನೋ ಊರಿನ ಕಡೆ ಹೋದಾಗ ಮಾತ್ರ ಕೊಲಾತುರಾ ಅನ್ನೋ ಹೆಸರು ಕಂಡರೆ ಎಚ್ಚರ, ಅದು ಮೀನನ್ನ ಉಪ್ಪಿನಲ್ಲಿ ಮಾಗಿಸಿ ಇಳಿಸಿದ ರಸ. ಮೀನು ತಿನ್ನೋರಾದ್ರೆ ಬಿಡಬೇಡಿ.

ಇದ್ಯಾವುದೂ ಬೇಡ, ಬಜೆಟ್ ಬಿಗಿ ಅಂದ್ರೆ ಸಲೆರ್ನೊ. ರೋಮಿನಿಂದ ರೈಲು ನೇರ ಬರುತ್ತೆ, ನಿಲ್ದಾಣದಿಂದ ದೋಣಿಕಟ್ಟೆಗೆ ನಡೆದೇ ಹೋಗಬಹುದು. ಸೊರೆಂತೊ ಚೆಂದ, ಕಾಪ್ರಿಗೂ ಪೊಂಪೇಯಿಗೂ ಅನುಕೂಲ, ಆದರೆ ಅದು ಬೆಟ್ಟದ ಆ ಬದಿ. ಈ ಊರುಗಳನ್ನ ನೋಡೋಕೆ ಅಂತಲೇ ಹೋಗೋರು ಅಲ್ಲಿ ಉಳಿದರೆ ದಿನಾ ಅದೇ ರಸ್ತೆಯಲ್ಲಿ ಅರ್ಧ ದಿನ ಕಳೀಬೇಕು.

ಆದ್ದರಿಂದ ಅತ್ತೆಯವರು ಜೊತೆಗಿದ್ದರೆ ಮಿನೋರಿ, ನೀವಿಬ್ಬರೇ ಆದರೆ ಅತ್ರಾನಿ, ಪೊಸಿತಾನೊಗೆ ದೋಣಿಯಲ್ಲಿ ಒಂದು ದಿನ. ಪ್ರವಾಸಿ ತೆರಿಗೆ ಅಂತ ತಲೆಗೆ, ರಾತ್ರಿಗೆ ಇಷ್ಟು ಅಂತ ಹೋಟೆಲಲ್ಲೇ ಬೇರೆ ಕೊಡಬೇಕಾಗುತ್ತೆ, ಅದಕ್ಕೆ ಚಿಲ್ಲರೆ ಯೂರೋ ಇಟ್ಟುಕೊಂಡಿರಿ. ಮತ್ತೆ ಇವತ್ತು ರಾತ್ರಿ ಬುಕ್ ಮಾಡೋ ಮುಂಚೆ ಆ ಮನೆಯವರಿಗೆ ಒಂದು ಸಾಲು ಬರೆದು ಕೇಳಿಬಿಡಿ: ರಸ್ತೆಯಿಂದ ನಿಮ್ಮ ಬಾಗಿಲಿಗೆ ಎಷ್ಟು ಮೆಟ್ಟಿಲು, ಬಾಗಿಲಿಂದ ರೂಮಿಗೆ ಎಷ್ಟು? ಅಲ್ಲಿಯವರು ಅದನ್ನ ಎಣಿಸಿಯೇ ಹೇಳ್ತಾರೆ.